ನೀಲಿಗಟ್ಟಿದ ಡಿಸ್ಕ್

ಭಾನುವಾರ, ನವೆಂಬರ್ ೧೬

ಹದಿನೈದು ದಿನದಿಂದ ಕಾರಿನ ಬ್ರೇಕ್ ಕಿರುಗುಟ್ಟುತ್ತಿದೆ. ಇವರು ಮಾತ್ರ "ಟರ್ಬೊ ಗಾಡಿ ಅಂದ್ರ ಸಪ್ಪಳ ಮಾಡೋದೇ" ಎಂದು ನಗುತ್ತಾರೆ, ಮೆಕ್ಯಾನಿಕ್‌ಗೆ ತೋರಿಸಲು ಒಪ್ಪುವುದಿಲ್ಲ. ಫೋನ್ ಬಂದರೆ ಅಂಗಳಕ್ಕೆ ಹೋಗಿ ಮಾತನಾಡುತ್ತಾರೆ. ನನಗೆ ಬೇರೆ ಹೆಂಗಸಿನದೇ ಅನುಮಾನವಿತ್ತು.

ಕಮಲಾಪುರದಲ್ಲಿ ಅಪ್ಪನ ಗ್ಯಾರೇಜಿನಲ್ಲೇ ಬೆಳೆದವಳು ನಾನು. ಇವತ್ತು ಇವರು ಸ್ನಾನಕ್ಕೆ ಹೋದಾಗ ಜಾಕ್ ಹಚ್ಚಿ ಮುಂದಿನ ಚಕ್ರ ಬಿಚ್ಚಿದೆ. ಮೂರು ತಿಂಗಳ ಹಿಂದಷ್ಟೇ ಹಾಕಿಸಿದ ಬ್ರೇಕ್ ಪ್ಯಾಡುಗಳು ಕಾದು ಗಾಜಿನಂತೆ ಹೊಳೆಯುತ್ತಿದ್ದವು. ಅವು ಹಿಡಿಯುವ ಡಿಸ್ಕ್ ಕೂಡ ಬಿಸಿಗೆ ನೀಲಿಗಟ್ಟಿತ್ತು. ಊರೊಳಗೇ ಜೇವರ್ಗಿ ಕಾಲೋನಿಯ ಆಫೀಸಿಗೆ ಹೋಗಿಬರುವ ಗಾಡಿಯ ಬ್ರೇಕ್ ಹೀಗೆ ಕಾಯುವುದಿಲ್ಲ.

ಹಸಿ ತಲೆಯಲ್ಲೇ ಹೊರಗೆ ಬಂದವರಿಗೆ ಪ್ಯಾಡ್ ತೋರಿಸಿದೆ. "ಎಲ್ಲಿಗಿ ಹೋಗಿದ್ರಿ?"

ಇವರು ಮೆಟ್ಟಿಲ ಮೇಲೆ ಕೂತರು. "ಫೋನ್ ಮಾಡ್ತಾರಲ್ಲ, ಆ ದೋಸ್ತರ ಜೋಡಿ ಮಹಾಗಾಂವ ದಾರ್ಯಾಗ ನಾಕು ಸಲ ರೇಸ್ ಹಚ್ಚಿದ್ದೆ. ಕಡೀ ಸಲ ಒಬ್ಬ ವಯಸ್ಸಾದ ಮುತ್ಯಾ ಅಡ್ಡ ಬಂದ. ಬ್ರೇಕ್ ಒತ್ತಿದೆ. ತಾಗಿಲ್ಲ ತ್ರಿವೇಣಿ, ಖರೇನೇ ತಾಗಿಲ್ಲ."

"ಇಳದು ನೋಡಿದ್ರೇನ್ರಿ?"

ಇವರು ಟವೆಲಿನಿಂದ ಹಸಿ ತಲೆ ತಿಕ್ಕಿಕೊಳ್ಳತೊಡಗಿದರು.

ಪ್ಯಾಡುಗಳನ್ನು ಉಜ್ಜುಕಾಗದದಿಂದ ತಿಕ್ಕಿ, ಹಿಂಬದಿಗೆ ಗ್ರೀಸ್ ಸವರಿ ಕೂಡಿಸಿದೆ. ಓಣಿಯಲ್ಲಿ ಒಂದು ಸುತ್ತು ಓಡಿಸಿದೆ, ಸದ್ದು ನಿಂತಿದೆ. ಆಮೇಲೆ ಬಂಪರಿನ ಮೇಲೆ ಎರಡು ಸಲ ಕೈಯಾಡಿಸಿದೆ. ಗೀರಿಲ್ಲ, ತಗ್ಗಿಲ್ಲ. ಹೊಸ ಬಣ್ಣದ ವಾಸನೆ ಬಂದಂತಾಯಿತು. ಅದು ನನ್ನ ಅನುಮಾನವೂ ಇರಬಹುದು.

ನಾಳೆ ಇವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಹಾಗಾಂವಕ್ಕೆ ನಾನೇ ಓಡಿಸುತ್ತೇನೆ. ಆ ಮುತ್ಯಾ ನಡೆದಾಡುವುದನ್ನು ಕಣ್ಣಾರೆ ಕಾಣಬೇಕು. ಅಲ್ಲಿಯವರೆಗೆ ಇವರ ಕೈಗೆ ಕೀಲಿ ಕೊಡುವುದಿಲ್ಲ. ಈಗ ಅದು ನನ್ನ ದಿಂಬಿನ ಕೆಳಗಿದೆ. ಪಕ್ಕದಲ್ಲಿ ಇವರಿಗೂ ನಿದ್ದೆ ಬಂದಿಲ್ಲ, ಸುಮ್ಮನೆ ಕಣ್ಣು ಮುಚ್ಚಿದ್ದಾರೆ.