ಆಯಿಯ ಹಾಲು

ಡಿಸೆಂಬರ್ 2, ಸೋಮವಾರ. ಅಂಕೋಲಾ.

ಮೊಮ್ಮಗನ ಸ್ನಾನ ಆಯಿತು. ಹುಟ್ಟಿ ಇಂದಿಗೆ ಐದು ದಿನ. ವಿನುತಾ ಮಲಗಿದ್ದಾಳೆ. ಬಾಣಂತಿ ಮಗಳ ನಿದ್ದೆ ಕಾಯುವುದೇ ಈಗ ಈ ರಿಟೈರ್ಡ್ ಟೀಚರಮ್ಮನ ಡ್ಯೂಟಿ.

ಚಳಿ ಇತ್ತು. ಟ್ರಂಕಿನಿಂದ ನನ್ನಮ್ಮ, ಆಯಿಯ ಗೋದಡಿ ತೆಗೆದೆ. ಅವಳ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು. ಹುಳ ಹಿಡಿಯದಿರಲೆಂದು ಹಾಕಿದ್ದ ಡಾಂಬರ ಗುಳಿಗೆಯ ವಾಸನೆ... ಮುಖ ಹುದುಗಿಸಿ ನಿಂತೆ. ತವರು ದೇವಬಾಗದ ಸಂಜೆಗಳು. ಮೀನು ಮಾರಿ ಬಂದು, ಕೈ ತೊಳೆದು, ಪೆಟ್ಟಿಗೆ ತೆರೆಯುತ್ತಿದ್ದ ಆಯಿ. ಅವಳ ಒಳ್ಳೆಯ ಸೀರೆಗಳಿಗೆಲ್ಲ ಇದೇ ವಾಸನೆ.

ಮಗುವನ್ನು ಅದರಲ್ಲೇ ಸುತ್ತಿ ಮಲಗಿಸಿದೆ.

ಡಿಸೆಂಬರ್ 4. ಬೆಳಿಗ್ಗೆ 7.

ಮಗುವಿನ ಕಣ್ಣು ಹಳದಿ. ಅಂಗಾಲೂ. ಹಾಲು ಕುಡಿಯುತ್ತಿಲ್ಲ. ಕಾರವಾರಕ್ಕೆ ಹೊರಟೆವು.

ಡಿಸೆಂಬರ್ 5. ಕಾರವಾರ, ಆಸ್ಪತ್ರೆ.

ನೀಲಿ ಬೆಳಕಿನ ಕೆಳಗೆ ಮಲಗಿಸಿದ್ದಾರೆ. ರಕ್ತ ಬದಲಾಯಿಸಿದರು. ಡಾಕ್ಟರ್ ಮಾನಸಾ ಕೇಳಿದರು— "ಮಗೂನ ಬಟ್ಟೆ ಹತ್ರ ಡಾಂಬರ ಗುಳಿಗೆ ಏನಾದ್ರೂ ಇತ್ತಾ?"

"ಇತ್ತು," ಎಂದೆ. "ನಾನೇ..."

ವಿನುತಾ ನನ್ನ ಮುಖ ನೋಡಲಿಲ್ಲ.

ಡಿಸೆಂಬರ್ 10.

ಹಾಲು ಕುಡಿದ! ಅಪಾಯ ಕಳೆಯಿತಂತೆ.

ರಿಪೋರ್ಟ್ ಬಂತು. ಜಿ-ಸಿಕ್ಸ್-ಪಿಡಿ ಕೊರತೆ. ಕೆಂಪು ರಕ್ತಕಣವನ್ನು ಕಾಯುವ ಕಿಣ್ವ ಅದು. ಅಮೈನೋ ಆಮ್ಲಗಳ ಉದ್ದ ಸರ ಮಡಿಚಿಕೊಂಡು ಒಂದು ಆಕಾರಕ್ಕೆ ಬರಬೇಕು, ಅದರ ಸಂದಿಯಲ್ಲಿ ತಕ್ಕ ಅಣು ಕೂರಬೇಕು, ಆಗ ಮಾತ್ರ ಕೆಲಸ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದದ್ದು. ಇವನ ಸರದಲ್ಲಿ ಒಂದೇ ಒಂದು ಮಣಿ ಬೇರೆ. ಮಡಿಕೆ ಸಡಿಲ, ಕಿಣ್ವ ಬಾಳುವುದಿಲ್ಲ. ಸುಮ್ಮನಿದ್ದರೆ ತೊಂದರೆಯಿಲ್ಲ. ಗುಳಿಗೆಯ ಆವಿ ತಾಗಿದರೆ ರಕ್ತಕಣ ಒಡೆಯುತ್ತದೆ.

ತಾಯಿಯಿಂದ ಗಂಡುಮಗುವಿಗೆ ಬರುವಂಥದ್ದು. ಇವನಿಗೆ ವಿನುತಾಳಿಂದ. ಅವಳಿಗೆ ನನ್ನಿಂದ ಇರಬಹುದು. ನನಗೆ—

ಆಯಿಯ ಎರಡನೆಯ ಮಗು. ನನಗಾಗ ಏಳು ವರ್ಷ. ತಮ್ಮ ಹಳದಿಯಾಗಿ ಹನ್ನೊಂದನೆಯ ದಿನ ಹೋದ. ಹೆಸರೂ ಇಟ್ಟಿರಲಿಲ್ಲ. "ಚಂಪಾನ ಹಾಲೇ ವಿಷ" ಎಂದು ಆಯಿಯ ಹೆಸರು ಹಿಡಿದೇ ಆಡಿತು ಕೇರಿ. ಆಯಿ ನಂಬಿದಳು.

ತಮ್ಮನಿಗೂ ಇದೇ ಆಗಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಖಚಿತವಾಗಿ ಹೇಳೋಕೆ ಆಗಲ್ಲ ಟೀಚರ್. ಆದ್ರೆ ಹಾಲಿಂದಂತೂ ಅಲ್ಲ."

ಡಿಸೆಂಬರ್ 15, ಭಾನುವಾರ. ದೇವಬಾಗ.

ಆಯಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಎಂಬತ್ತೆರಡು ವರ್ಷ, ಸುಮ್ಮನೆ ಕೂರುವುದಿಲ್ಲ. ಪಕ್ಕದಲ್ಲಿ ಕುಳಿತು ಡಾಕ್ಟರ್ ತಮ್ಮನ ಬಗ್ಗೆ ಹೇಳಿದ್ದನ್ನು ಹೇಳಿದೆ.

"ಹಾಲು ಎಂತದೂ ಮಾಡ್ಲಿಲ್ವೇ?"

"ಎಂತದೂ ಇಲ್ಲ ಆಯಿ."

"ಹಾಂಗಾರೆ ಅವಂಗೆ ಆದ್ದೆಂತಾ?"

ಪೆಟ್ಟಿಗೆಯ ಮಾತು ಬಾಯಿಗೆ ಬಂತು. ತಮ್ಮನನ್ನು ಸುತ್ತಿದ್ದೂ ಅದರೊಳಗಿನ ಸೀರೆಯಲ್ಲೇ, ನನಗೆ ನೆನಪಿದೆ. ನುಂಗಿಕೊಂಡೆ.

"ಹುಟ್ಟುವಾಗ್ಲೇ ಅವನ ರಕ್ತದಲ್ಲಿ ಇತ್ತು," ಎಂದೆ. ಅದು ಸುಳ್ಳಲ್ಲ.

ಆಯಿ ಇನ್ನೊಂದು ಸಾಲು ಮೀನು ಮಗುಚಿದಳು. ಆಮೇಲೆ—

"ಕಡೆಗೆ ಎರಡು ದಿನ ನಾ ಹಾಲೇ ಕೊಡ್ಲಿಲ್ಲ ಮಗಾ. ಹಿಂಡಿ ಚೆಲ್ದೆ. ಅಳ್ತಿದ್ದ."

ನನಗೆ ಇದು ಗೊತ್ತಿರಲಿಲ್ಲ.

"ಅವಂಗೆ ಬೀರು ಹೇಳಿ ಹೆಸರಿಡ್ಬೇಕು ಅಂದ್ಕಂಡಿದ್ದೆ," ಎಂದಳು.

ಐವತ್ತಾರು ವರ್ಷಗಳಲ್ಲಿ ಮೊದಲ ಸಲ ಕೇಳಿದೆ ಆ ಹೆಸರು. ಆಯಿ ಅಳಲಿಲ್ಲ. ನಾನೇ—