‘ನೋಡೋಣ’ ಎಂಬ ಮಾತಿಗೆ ಎಷ್ಟು ಅಂಕ?

ಪಠ್ಯಕ್ರಮ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಜಗತ್ತಿಗೆ ಸಿದ್ಧಪಡಿಸುವ ತಮ್ಮ ‘ಜಾಗತಿಕ ವೃತ್ತಿಪರತೆ’ ಎಂಬ ಕಡ್ಡಾಯ ಪತ್ರಿಕೆಯ ದೆಸೆಯಿಂದ ನಮ್ಮೂರಿನ ಆಸ್ಪತ್ರೆಯ ಲಿಫ್ಟ್ ಒಂದು ಗೇಣು ಗಿಡ್ಡವಾಗಿದೆ. ಇದು ತಮಗೆ ಅತಿಶಯೋಕ್ತಿ ಎನಿಸಬಹುದು. ಲಿಫ್ಟಿನ ಬಾಗಿಲಿಗೆ ಹಾಗೆ ಅನಿಸಿಲ್ಲ.

ಆ ಪತ್ರಿಕೆಯನ್ನು ನಾನೂ ಓದಿದವಳೇ. ಟೈ ಗಂಟು ಎಲ್ಲಿ ಕೂರಬೇಕು, ಕೈಕುಲುಕುವಾಗ ಎದುರಿನವರ ಬೆರಳು ಎಷ್ಟು ನೋಯಬೇಕು, ಸೂಪನ್ನು ಸದ್ದಿಲ್ಲದೆ ಹೇಗೆ ಹೀರಬೇಕು, ಎಲ್ಲವನ್ನೂ ಕಲಿತೆ. ವಿದೇಶಿ ಅತಿಥಿಗಳ ಮಾತಿಗೆ ‘ಇಲ್ಲ’ ಎನ್ನಬಾರದು, ಮುಗುಳ್ನಗಬೇಕು ಎಂಬುದನ್ನು ಬಾಯಿಪಾಠ ಮಾಡಿದೆ. ಸೂಪಿಗೆ ಅನುದಾನವಿಲ್ಲದ ಕಾರಣ ಖಾಲಿ ಬಟ್ಟಲು ಹಿಡಿದೇ ಪ್ರಾಯೋಗಿಕ ಪರೀಕ್ಷೆ ಕೊಟ್ಟೆ. ಪರೀಕ್ಷಕರು ‘ಸದ್ದೇ ಬರಲಿಲ್ಲ, ಭೇಷ್’ ಎಂದರು. ಖಾಲಿ ಬಟ್ಟಲಿನಿಂದ ಎಂಥ ಸದ್ದು ಬರಬೇಕಿತ್ತು ಸ್ವಾಮಿ?

ಆಮೇಲೆ ಲಿಫ್ಟ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆಸ್ಪತ್ರೆಯ ಲಿಫ್ಟಿಗೆ ಹೊರದೇಶದ ಸಂಸ್ಥೆಯೊಂದು ನಕ್ಷೆ ಬರೆಯುವುದು, ನಾವು ಕಟ್ಟುವುದು ಎಂದು ಒಪ್ಪಂದವಾಯಿತು. ಅವರ ಕಡೆಯ ಮುಖ್ಯಸ್ಥೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮಾತಾಡುವ ಹಿರಿಯ ಇಂಜಿನಿಯರ್. ನಮ್ಮ ಕಡೆ ನಮ್ಮ ಸಾಹೇಬರು; ತಮ್ಮ ಪತ್ರಿಕೆಯನ್ನು ಓದಿ ಹೊರಬಂದ ಮೊದಲ ತಂಡದವರು, ಇರುವೆಯ ಮನಸ್ಸನ್ನೂ ನೋಯಿಸದವರು. ಮೊದಲ ಸಭೆಯಲ್ಲಿ ನಕ್ಷೆ ಬಿಚ್ಚಿದ ಕೂಡಲೇ ಅವರು ನನ್ನ ಕಿವಿಯಲ್ಲಿ, “ಇವ್ರ ಸ್ಟ್ರೆಚರ್ ಚಿಕ್ಕದಿರ್ಬೇಕು ಕಣಮ್ಮ. ನಮ್ದು ಇದ್ರಲ್ಲಿ ಹಿಡಿಯಲ್ಲ, ಒಂದು ಗೇಣು ಕಮ್ಮಿ ಬೀಳತ್ತೆ” ಎಂದರು.

“ಹೇಳ್ಬಿಡಿ ಸರ್.”

“ಛೆ, ಅಷ್ಟು ದೂರದಿಂದ ಬಂದಿದ್ದಾರೆ. ಮುಖಕ್ಕೆ ಹೊಡ್ದಂಗೆ ಹೇಳೋಕಾಗತ್ತಾ?”

ಹಾಗೆಂದವರೇ ಎದ್ದು ನಿಂತು, ನಕ್ಷೆ ಬಹಳ ಸೊಗಸಾಗಿದೆ, ಉದ್ದದ ವಿಚಾರ ಮುಂದೆ ನೋಡೋಣ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮುಖ್ಯಸ್ಥೆ ಹಿಗ್ಗಿನಿಂದ ‘ಒಪ್ಪಿಗೆಯಾಗಿದೆ’ ಎಂದು ಬರೆದುಕೊಂಡರು. ಆಮೇಲೂ ನಾನು ಸಾಹೇಬರಿಗೆ ನೆನಪಿಸಿದೆ. “ನೋಡೋಣಮ್ಮ” ಎಂದರು.

ಅಧ್ಯಕ್ಷರೇ, ನಮ್ಮಲ್ಲಿ ‘ನೋಡೋಣ’ ಎಂದರೆ ಏನೆಂದು ತಮಗೆ ನಾನು ಹೇಳಬೇಕೇ? ರಜೆ ಕೇಳಿದಾಗ ಮೇಲಧಿಕಾರಿ ನೋಡೋಣ ಎಂದರೆ ಯಾರೂ ರೈಲಿನ ಟಿಕೆಟ್ ಕಾದಿರಿಸುವುದಿಲ್ಲ. ಆಟಿಕೆ ಕೇಳಿದ ಮಗುವಿಗೆ ಅಪ್ಪ ನೋಡೋಣ ಎಂದರೆ ಅದು ಅಂಗಡಿಯಲ್ಲೇ ರಾಗ ತೆಗೆಯುತ್ತದೆ. ಹಾಲುಹಲ್ಲಿನ ಮಗುವಿಗೆ ತಿಳಿದ ಅರ್ಥ ಆ ಮುಖ್ಯಸ್ಥೆಗೆ ತಿಳಿಯಲಿಲ್ಲ. ಅವರ ಭಾಷೆಯಲ್ಲಿ ನೋಡೋಣ ಎಂದರೆ ನೋಡುವುದು ಎಂದೇ ಅರ್ಥವಂತೆ, ಪಾಪ!

ಲಿಫ್ಟ್ ಪರೀಕ್ಷೆಯ ದಿನ ರೋಗಿಯಾಗಲು ಯಾರೂ ಒಪ್ಪದೆ ಸಾಹೇಬರೇ ಸ್ಟ್ರೆಚರಿನ ಮೇಲೆ ಮಲಗಿದರು. ತಲೆ ಒಳಗಿನ ಗೋಡೆಗೆ ತಾಗಿತು, ಪಾದ ಹೊರಗೇ ಉಳಿಯಿತು. ಬಾಗಿಲು ಬಂದು ಬೂಟಿಗೆ ಬಡಿಯಿತು, ಹಿಂದೆ ಸರಿಯಿತು, ಮತ್ತೆ ಬಂದು ಬಡಿಯಿತು. ಪ್ರತಿ ಸಲವೂ ಲಿಫ್ಟಿನೊಳಗಿಂದ ಧ್ವನಿಮುದ್ರಿತ ಹೆಣ್ಣುದನಿ ‘ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ’ ಎನ್ನುತ್ತಿತ್ತು.

“ನಿಂತಿಲ್ಲಮ್ಮ, ಮಲಗಿದೀನಿ” ಎಂದರು ಸಾಹೇಬರು.

ಮುಖ್ಯಸ್ಥೆ ಬಗ್ಗಿ ಇಂಗ್ಲಿಷಿನಲ್ಲಿ ಕೇಳಿದರು, “ಇದು ನಿಮಗೆ ಮೊದ್ಲೇ ಗೊತ್ತಿತ್ತಾ?”

“ಅವತ್ತೇ ಹೇಳಿದ್ನಲ್ಲ ಮೇಡಂ, ನೋಡೋಣ ಅಂತ!”

“ನೋಡೋಣ ಅಂದ್ರಿ. ಆಮೇಲೆ ಯಾಕೆ ನೋಡ್ಲಿಲ್ಲ?”

ನಡುವೆ ನಿಂತು ನಾನು ಆ ಪದದ ಅರ್ಥ ಬಿಡಿಸಿ ಹೇಳಿದೆ. ಮುಖ್ಯಸ್ಥೆ ಸ್ಟ್ರೆಚರಿನ ಅಂಚಿನಲ್ಲಿ ಕುಸಿದು ಕುಳಿತರು. “ಒಂದೂ ತಕರಾರು ಬರದಿದ್ದಾಗ ನನಗೂ ಅನುಮಾನ ಬಂದಿತ್ತು. ಆದ್ರೆ ಬೇರೆ ದೇಶದವ್ರನ್ನ ಕೆದಕಿ ಕೆದಕಿ ಕೇಳ್ಬಾರ್ದು, ಅವಮಾನ ಆಗತ್ತೆ ಅಂತ ನಮ್ಮ ಕಾಲೇಜಲ್ಲಿ ಕಲಿಸಿದ್ರು.” ಅಂದರೆ ತಮ್ಮಂಥದೇ ಸಮಿತಿ ಅಲ್ಲಿಯೂ ಇದೆ. ಅಭಿನಂದನೆಗಳು.

ನಗು ಅಲ್ಲಿಗೆ ಮುಗಿಯಿತು. ಮರುವಾರ ನನ್ನ ದೊಡ್ಡಮ್ಮ ಬಿದ್ದು ಸೊಂಟ ಮುರಿದುಕೊಂಡು ಅದೇ ಆಸ್ಪತ್ರೆ ಸೇರಿದರು. ಶಸ್ತ್ರಚಿಕಿತ್ಸೆಯ ಕೋಣೆ ಮೂರನೆಯ ಮಹಡಿಯಲ್ಲಿ. ಅಷ್ಟು ನೋವಿನಲ್ಲೂ, “ನೀನು ಮಾಡಿದ್ ಲಿಫ್ಟ್ ಎಲ್ಲೇ? ಅದ್ರಲ್ಲೇ ಹೋಗೋಣ” ಎಂದರು. ಅವರ ಪಕ್ಕದಲ್ಲಿದ್ದ ನರ್ಸ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಾಲ್ವರು ಸ್ಟ್ರೆಚರ್ ಹೊತ್ತು ಮೆಟ್ಟಿಲು ಹತ್ತಿದರು. ತಿರುವು ಬಂದಾಗಲೆಲ್ಲ ದೊಡ್ಡಮ್ಮ ಹಲ್ಲು ಕಚ್ಚಿ ನನ್ನ ಕೈ ಹಿಂಡಿದರು. ಲಿಫ್ಟಿನ ಬಗ್ಗೆ ಮತ್ತೆ ಕೇಳಲಿಲ್ಲ.

ಈಗ ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಹೊಸ ಲಿಫ್ಟ್ ಸಿದ್ಧವಾಗುತ್ತಿದೆ. ಸಾಹೇಬರೂ ಮುಖ್ಯಸ್ಥೆಯೂ ದಿನಾ ಜಗಳವಾಡುತ್ತಾರೆ, ಆದ್ದರಿಂದ ಕೆಲಸ ಸಲೀಸಾಗಿ ಸಾಗಿದೆ.

ಇಷ್ಟರಲ್ಲಿ, ಬರುವ ವರ್ಷದಿಂದ ಆ ಪತ್ರಿಕೆಗೆ ಕರವಸ್ತ್ರ ಮಡಿಸುವ ಕಲೆಯನ್ನೂ ತಾವು ಸೇರಿಸಲಿದ್ದೀರೆಂದು ತಿಳಿಯಿತು. ದಮ್ಮಯ್ಯ, ಬೇಡ. ಅದರ ಬದಲು ನಮ್ಮ ವಿದ್ಯಾರ್ಥಿಗಳು ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಸೇರಿ ಒಂದಾದರೂ ಯಂತ್ರ ಕಟ್ಟಲಿ. ‘ನೀನಂದದ್ದು ನನಗೆ ತಿಳಿಯಲಿಲ್ಲ’ ಎಂದು ಹೇಳಲಿ, ಹೇಳಿಸಿಕೊಳ್ಳಲಿ. ನಿಮ್ಮೂರಿನ ಮಂಚ ಎಷ್ಟುದ್ದ, ಮೆಟ್ಟಿಲು ಎಷ್ಟಗಲ ಎಂದು ನಾಚಿಕೆಯಿಲ್ಲದೆ ಕೇಳಲಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಬೇಕೆಂದೇ ಒಂದು ತಪ್ಪು ಲೆಕ್ಕ ಬರೆಯಲಿ. ‘ಸರ್, ಇದು ತಪ್ಪು’ ಎಂದು ಮರ್ಯಾದೆ ಕೆಡದಂತೆ ಹೇಳಿದವರು ಮಾತ್ರ ಪಾಸಾಗಲಿ.

ಉತ್ತರದಲ್ಲಿ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂದು ಒಂದೇ ಮಾತು ಬರೆಯಿರಿ. ‘ಪರಿಶೀಲಿಸಲಾಗುವುದು’ ಎಂದು ಮಾತ್ರ ಬರೆಯಬೇಡಿ. ಅದರ ಅರ್ಥ ನನಗೆ ಗೊತ್ತು.

ಇಂತಿ,
ಸದ್ಯಕ್ಕೆ ಮೆಟ್ಟಿಲಲ್ಲೇ ಓಡಾಡುತ್ತಿರುವ
ಒಬ್ಬ ಲಿಫ್ಟ್ ಇಂಜಿನಿಯರ್