ಎರಡೂ ಬರ್ಕೊ ಅಂದ್ರು ಹೊಸ ಮಿಸ್ಸು

ಗಂಗರಾಜು ಮೇಷ್ಟ್ರೇ,

ನೀವು ಸತ್ತು ವರ್ಷ ಆಯ್ತು, ಇದನ್ನ ಓದಲ್ಲ ಅಂತ ಗೊತ್ತು. ಆದ್ರೂ ಇವತ್ತಿನ ಸುದ್ದಿ ನಿಮಗೇ ಹೇಳ್ಬೇಕು.

ನನ್ನ ತಂಗಿ ರೂಬಿ ಗುಬ್ಬೀಲಿ ನಿಮ್ಮ ಸ್ಕೂಲಲ್ಲೇ ಓದ್ತಿದಾಳೆ. ಇವತ್ತು ಅದೇ ಪಾಠ, ಇಸ್ಲಾಂ ಹುಟ್ಟಿದ್ದು. ಪೈಗಂಬರರೇ ಸ್ಥಾಪಕರು ಅಂತ ಹೊಸ ಮಿಸ್ಸು ಓದಿದ್ರಂತೆ. ಇವಳು ಎದ್ದು ನಿಂತು, "ನಮ್ಮನೇಲಿ ಹಂಗನ್ನಲ್ಲ ಮಿಸ್. ಧರ್ಮ ಮೊದಲ ಮನುಷ್ಯ ಆದಂ ಕಾಲದಿಂದ್ಲೇ ಇತ್ತು, ಇವರು ಕೊನೇ ಪೈಗಂಬರ್ರು ಅಂತಾರೆ" ಅಂದ್ಲಂತೆ.

"ಎರಡೂ ಬರ್ಕೊಳಮ್ಮ. ಇತಿಹಾಸದೋರು ಹಿಂಗಂತಾರೆ, ನಂಬಿರೋರು ಹಂಗಂತಾರೆ" ಅಂದು ಮಿಸ್ಸು ಪಾಠ ಮುಂದುವರಿಸಿದ್ರಂತೆ. ಅಷ್ಟೇ.

ಆಗ ನಿಮ್ಮ ಕ್ಲಾಸಲ್ಲಿ ನಾನೂ ರೂಬಿ ಹೇಳಿದ್ದನ್ನೇ ಹೇಳಿದ್ದೆ ಸಾರ್. "ಪುಸ್ತಕದಲ್ಲಿರೋದು ಬರಿಯೋ, ನಿಮ್ಮನೇದು ಮನೇಲಿಟ್ಕೋ" ಅಂದ್ರಿ. ಕ್ಲಾಸೆಲ್ಲಾ ನಕ್ತು. ಬ್ಯಾಗ್ ತಗೊಂಡು ಎದ್ದು ಬಂದೋನು ಈಗ ಅಂತರಸನಹಳ್ಳಿ ಫ್ಯಾಕ್ಟರೀಲಿ ಲೇತ್ ಮಿಷನ್ ಮೇಲೆ ಕೆಲಸಕ್ಕಿದೀನಿ. ನೆನೆದ್ರೆ ಇವತ್ತಿಗೂ ಮೈ ಉರಿಯುತ್ತೆ.

ಆದ್ರೆ ರೂಬಿ ಹೇಳಿದ್ದು ಕೇಳಿ ಖುಷಿಯಾಯ್ತು. ಹೋಗಿ ಕಬಾಬ್ ಕಟ್ಟಿಸ್ಕೊಂಡು ಬಂದೆ.

"ನೀನ್ಯಾಕೆ ಸ್ಕೂಲ್ ಬುಟ್ಟೆ ಭಾಯ್?" ಅಂದ್ಲು ತಿಂತಾ.

"ನಿದ್ದೆ ಬರ್ತಿತ್ತು ಕಣೇ" ಅಂದೆ.

ನಾನು ಕ್ಲಾಸಿಂದ ಎದ್ದು ಬಂದ ಆವತ್ತು ಸಂಜೆ ನೀವು ಸೈಕಲ್ ತಳ್ಕೊಂಡು ನಮ್ಮನೆ ಹತ್ರ ಬಂದಿದ್ರಿ. "ಹುಡುಗನ್ನ ಕರೀರಮ್ಮ, ಒಂದು ಮಾತು ಹೇಳ್ಬೇಕು" ಅಂತ ಅಮ್ಮಿ ಹತ್ರ ಕೇಳ್ತಿದ್ರಿ. ನಾನು ಹಿತ್ತಲಲ್ಲೇ ಕೂತಿದ್ದೆ, ಎದ್ದು ಬರ್ಲಿಲ್ಲ.